ಓದುಗರ ಪ್ರಶ್ನೆ: ಬಾಡಿಗೆ ತಾಯಿಗೆ ಹಣ ಕೊಟ್ಟರೆ ಮಗುವನ್ನು ಕೊಂಡಂತಲ್ಲವೇ?

ಕೊಂಡಂತೆ ಆಗಬಹುದು, ಆಗದೆಯೂ ಇರಬಹುದು. ಹಣ ಕೊಟ್ಟರೋ ಇಲ್ಲವೋ ಎನ್ನುವುದಕ್ಕಿಂತ ಯಾವುದಕ್ಕೆ ಕೊಟ್ಟರು, ಯಾವಾಗ ಕೊಟ್ಟರು ಎಂದು ನೋಡಬೇಕು.

ಅಮೆರಿಕದ ನ್ಯೂಜೆರ್ಸಿಯ 'ಬೇಬಿ ಎಂ' ಪ್ರಕರಣವನ್ನೇ ತೆಗೆದುಕೊಳ್ಳಿ. ಬಾಡಿಗೆ ತಾಯಿಯೊಂದಿಗಿನ ಒಪ್ಪಂದದ ಮೊತ್ತ 10,000 ಡಾಲರ್. ಐದನೇ ತಿಂಗಳಿಗೆ ಮುಂಚೆ ಗರ್ಭ ಇಳಿದುಹೋದರೆ ಬಿಡಿಗಾಸೂ ಇಲ್ಲ. ಆಮೇಲೆ ಮಗು ಸತ್ತು ಹುಟ್ಟಿದರೆ 1,000 ಡಾಲರ್ ಮಾತ್ರ. ದುಡ್ಡು ಅವಳ ದುಡಿಮೆಗೇ ಆಗಿದ್ದರೆ, ತಿಂಗಳು ತುಂಬಿ ಹೆತ್ತವಳಿಗೆ ಪೂರ್ತಿ ಸಲ್ಲಬೇಕಿತ್ತಲ್ಲ? 1988ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಂದ ಅಸಿಂಧುವೆಂದು ಹೇಳುವಾಗ ಈ ಅಂಶವನ್ನೂ ಎತ್ತಿ ತೋರಿಸಿತು. ಅಲ್ಲಿ ಅಂಡಾಣುವೂ ಅವಳದೇ ಆಗಿತ್ತು. ಈಗ ಸಾಮಾನ್ಯವಾಗಿ ಬೇರೆಯವರ ಅಂಡಾಣುವಿನಿಂದಾದ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುತ್ತಾರೆ. ಆದರೂ ಆ ಪರೀಕ್ಷೆ ಇಂದಿಗೂ ನಿಲ್ಲುತ್ತದೆ: ಮಗು ಉಳಿಯಲಿ, ಉಳಿಯದಿರಲಿ, ಅವಳ ಹಣ ಅವಳಿಗೆ ಸಿಗುತ್ತದೆಯೇ? ಸಿಗುವುದಾದರೆ ಅದು ಕೂಲಿ. ಮಗುವನ್ನು ಕೈಗಿಟ್ಟರೆ ಮಾತ್ರ ಎಂದಾದರೆ, ಅದು ಬೆಲೆ.

'ಬಾಡಿಗೆ' ಎಂಬ ಪದವೇ ಅರ್ಧ ತೀರ್ಪು ಬರೆದುಬಿಡುತ್ತದೆ. ಮನೆ ಬಾಡಿಗೆಗೆ ಕೊಟ್ಟವರು ಸುಮ್ಮನೆ ಕೂತಿರಬಹುದು. ಇವಳಿಗೆ, ಗರ್ಭ ನಿಲ್ಲಲು ನೆರವಾಗುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಎಣ್ಣೆಯಲ್ಲಿ ಬೆರೆಸಿದ ಚುಚ್ಚುಮದ್ದನ್ನು ಎಷ್ಟೋ ಸಲ ವಾರಗಟ್ಟಲೆ, ದಿನವೂ ಕೊಡುತ್ತಾರೆ. ಚುಚ್ಚಿದ ಜಾಗ ಗಂಟು ಕಟ್ಟಿ ಕೂರುವುದೇ ಕಷ್ಟವಾಗುತ್ತದೆ. ಹೆರಿಗೆಯಾದ ಮೇಲೆ ಎದೆಯಲ್ಲಿ ಹಾಲು ಕಟ್ಟಿಕೊಳ್ಳುತ್ತದೆ, ಕುಡಿಯುವ ಮಗು ಪಕ್ಕದಲ್ಲಿರುವುದಿಲ್ಲ.

ಹಣದಾಸೆಗೆ ಬಡವರು ಬಲಿಯಾಗುತ್ತಾರೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಭಾರತದ 2021ರ ಬಾಡಿಗೆ ತಾಯ್ತನ ಕಾಯ್ದೆ ವೈದ್ಯಕೀಯ ವೆಚ್ಚ, ವಿಮೆಗಳಂಥದ್ದನ್ನು ಬಿಟ್ಟು ಬೇರೆ ಹಣಕ್ಕೆ ಅವಕಾಶ ಕೊಟ್ಟಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಂಭಾವನೆ ಕಾನೂನುಬದ್ಧ. ಆದರೆ ದುಡ್ಡಿಲ್ಲದ ಕಡೆ ಒತ್ತಾಯವೂ ಇಲ್ಲ ಎಂದುಕೊಂಡರೆ ಮೋಸಹೋಗುತ್ತೇವೆ. ಅಕ್ಕನಿಗಾಗಿ, ನಾದಿನಿಗಾಗಿ ಹೊತ್ತುಕೊಡು ಎಂದು ಮನೆಯವರೆಲ್ಲ ಸುತ್ತ ಕೂತು ಕೇಳಿದರೆ ಎಷ್ಟು ಹೆಣ್ಣುಮಕ್ಕಳು ಒಲ್ಲೆ ಎಂದಾರು? ವೈದ್ಯರಿಗೆ ಶುಲ್ಕವುಂಟು, ಪ್ರಯೋಗಾಲಯಕ್ಕೆ ಉಂಟು, ವಕೀಲರಿಗೆ ಉಂಟು. ತ್ಯಾಗದ ಉಪದೇಶ ಇವಳೊಬ್ಬಳಿಗೇ ಏಕೆ?

ಕೂಲಿ ಕೊಟ್ಟ ಮಾತ್ರಕ್ಕೆ ಅವಳ ಮೈಮೇಲಿನ ಅಧಿಕಾರ ಬರುವುದಿಲ್ಲ. ಶಸ್ತ್ರಚಿಕಿತ್ಸೆಯೋ ಗರ್ಭಪಾತವೋ, ಸಹಿ ಅವಳದೇ ಆಗಿರಬೇಕು.

ಇನ್ನು ಮಗುವಿನ ಮಾತು. ಕೊಂಡ ಸರಕು ಬೇಡವೆಂದರೆ ಬಿಟ್ಟುಹೋಗಬಹುದು. ಹಾಗೆ ಬಿಟ್ಟುಹೋಗಲು ದಾರಿಯಿರುವ ಒಪ್ಪಂದ ಹಣವಿಲ್ಲದಿದ್ದರೂ ಕೆಟ್ಟದ್ದೇ. ಮಗುವಿನ ಹೊಣೆ ಯಾರದೆಂದು ಮೊದಲೇ ಗೊತ್ತಾಗದಿದ್ದರೂ ಅದು ಅತಂತ್ರವಾಗುತ್ತದೆ. 2008ರಲ್ಲಿ ಜಪಾನಿನ ದಂಪತಿಗಾಗಿ ಗುಜರಾತಿನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅಷ್ಟರೊಳಗೆ ದಂಪತಿ ವಿಚ್ಛೇದನ ಪಡೆದಿದ್ದರು. ಮಗು ಯಾವ ದೇಶದ್ದು, ತಾಯಿ ಯಾರು ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತಂದೆಗೆ ಮಗು ಬೇಕಿತ್ತು, ಆದರೆ ಅವರ ವೀಸಾ ಮುಗಿದಿತ್ತು. ತಿಂಗಳುಗಳ ನಂತರ ಅದನ್ನು ಜಪಾನಿಗೆ ಎತ್ತಿಕೊಂಡು ಹೋದದ್ದು ಅಜ್ಜಿ.