ಹಳೇ ಜಿಪ್ಸಿ ತಗೊಂಡಿದ್ದೀನಿ, ದೊಡ್ಡ ಟೈರ್ ಹಾಕಿಸಲಾ?

"ಸರ್, 2006ರ ಸಾಫ್ಟ್ ಟಾಪ್ ಜಿಪ್ಸಿ ತಗೊಂಡಿದ್ದೀನಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಸ್ಕೂಲಿಗೆ, ಪೇಟೆಗೆ, ನೆಂಟರ ಮನೆಗೆ ಎಲ್ಲಾ ಇದೇ ಗಾಡಿ. ದಪ್ಪ ಟೈರ್ ಹಾಕಿಸಿ ಎರಡು ಇಂಚು ಎತ್ತರಿಸಿದ್ರೆ ಮಳೆಗಾಲದಲ್ಲಿ ರಸ್ತೆಗೆ ಕಚ್ಚಿಕೊಂಡು ಹೋಗುತ್ತೆ ಅಂತಾರೆ. ಯಾವ ಅಳತೆ ಹಾಕಿಸಲಿ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರ ಊರು ಮಾತ್ರ ಬೇರೆ. ಒಂದು ಸಲ ಮೂಡಿಗೆರೆ, ಇನ್ನೊಂದು ಸಲ ಸೋಮವಾರಪೇಟೆ, ಮತ್ತೊಂದು ಸಲ ಶಿರಸಿ. ಎಲ್ಲರೂ ಟೈರ್ ಕೇಳುತ್ತಾರೆ. ಬ್ರೇಕ್ ಹೇಗಿದೆ ಎಂದು ನಾನೇ ತಿರುಗಿ ಕೇಳಬೇಕು. "ಅದು ಪರವಾಗಿಲ್ಲ ಸರ್, ಸ್ವಲ್ಪ ಪಂಪ್ ಮಾಡಿದ್ರೆ ಹಿಡಿಯುತ್ತೆ" ಎಂಬ ಉತ್ತರ ಬರುತ್ತದೆ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಂಪನಿ ಕೊಟ್ಟ ಅಳತೆಯದೇ ಹೊಸ ಟೈರ್ ಹಾಕಿಸಿ. ಗಾಡಿಯನ್ನು ಎತ್ತರಿಸಬೇಡಿ. ಉಳಿಯುವ ದುಡ್ಡನ್ನು ಬ್ರೇಕ್, ಸ್ಟೀರಿಂಗ್ ಮತ್ತು ಮಕ್ಕಳು ಕೂರುವ ಸೀಟಿಗೆ ಹಾಕಿ.

ಈಗ ಆ "ಕಚ್ಚಿಕೊಂಡು ಹೋಗುತ್ತೆ" ಎನ್ನುವ ಮಾತಿಗೆ ಬರೋಣ. ನಿಮ್ಮ 2006ರ ಗಾಡಿ ಜಿಪ್ಸಿ ಕಿಂಗ್. ಅದಕ್ಕೆ ಕಂಪನಿ ಅಳತೆ 205/70 ಆರ್15. ಅಂದರೆ ಟೈರಿನ ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 70, ರಿಮ್ 15 ಇಂಚು. ಎಲ್ಲರೂ ಆಸೆಪಡುವುದು 235/75 ಆರ್15. ಒಂದು ಚೀಟಿ ತಗೊಂಡು ಲೆಕ್ಕ ಹಾಕಿ. ಮೊದಲನೆಯದರ ಎತ್ತರ ಸುಮಾರು 668 ಮಿಲಿಮೀಟರ್. ಎರಡನೆಯದು 733 ದಾಟುತ್ತದೆ. ಅಂದರೆ ಗಾಲಿ ಹತ್ತಿರ ಹತ್ತಿರ ಶೇಕಡಾ 10ರಷ್ಟು ದೊಡ್ಡದಾಯಿತು. ಈ ಹತ್ತರ ಬೆಲೆಯನ್ನು ಗಾಡಿ ನಾಲ್ಕು ಕಡೆ ತೆರುತ್ತದೆ.

ಒಂದು, ಬ್ರೇಕ್. ಡಿಸ್ಕ್ ಅದೇ, ಡ್ರಮ್ ಅದೇ, ನೀವು ಒತ್ತುವ ಕಾಲೂ ಅದೇ. ಗಾಲಿ ದೊಡ್ಡದಾದರೆ ಅದನ್ನು ಹಿಡಿದು ನಿಲ್ಲಿಸುವ ಬಲ ನೆಲದ ಹತ್ತಿರ ಕಡಿಮೆಯಾಗುತ್ತದೆ. ಬಾವಿಯ ರಾಟೆಯನ್ನು ನಡುವಿನ ಅಚ್ಚಿನ ಹತ್ತಿರ ಹಿಡಿದು ನಿಲ್ಲಿಸಿ ನೋಡಿ, ಆಮೇಲೆ ಅಂಚಿನಲ್ಲಿ ಹಿಡಿದು ನೋಡಿ. ಬ್ರೇಕ್ ಹಿಡಿಯುವುದು ನಡುವಿನಲ್ಲಿ, ರಸ್ತೆ ಎಳೆಯುವುದು ಅಂಚಿನಲ್ಲಿ. ಅಂಚು ದೂರ ಹೋದಷ್ಟೂ ಬ್ರೇಕಿನ ಕೈ ಸೋಲುತ್ತದೆ. ಇಲ್ಲಿ ಸುಮಾರು ಶೇಕಡಾ 9ರಷ್ಟು ಸೋಲು. ಮೇಲಿಂದ ದೊಡ್ಡ ಟೈರ್ ಒಂದೊಂದೂ ಕೆಲವು ಕೆಜಿ ಜಾಸ್ತಿ ತೂಗುತ್ತದೆ. ಆ ತೂಕ ತಿರುಗುತ್ತಿರುವ ತೂಕ, ಅದನ್ನೂ ಬ್ರೇಕೇ ನಿಲ್ಲಿಸಬೇಕು.

ಎರಡು, ಎಳೆತ. 80 ಕುದುರೆ ಬಲದ ಎಂಜಿನ್ ಗೇರಿನ ಲೆಕ್ಕ ಹಾಕಿರುವುದು ಚಿಕ್ಕ ಗಾಲಿಗೆ. ದೊಡ್ಡದು ಹಾಕಿದ ಮೇಲೆ ಐದನೇ ಗೇರ್ ಎಳೆಯುವುದಿಲ್ಲ. ಘಾಟಿಯಲ್ಲಿ ಯಾವಾಗಲೂ ಒಂದು ಗೇರ್ ಕೆಳಗೇ ಇರಬೇಕು. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಮೂರು, ಸ್ಪೀಡೋಮೀಟರ್. ಅದು ಎಣಿಸುವುದು ಸುತ್ತುಗಳನ್ನು. ಮೀಟರ್ 60 ತೋರಿಸುವಾಗ ನೀವು 66ರ ಹತ್ತಿರ ಇರುತ್ತೀರಿ. ಪಕ್ಕದಲ್ಲಿ ಕೂತ ಅಮ್ಮನಿಗೆ "ಅರವತ್ತರಲ್ಲೇ ಇದ್ದೀನಮ್ಮಾ" ಎಂದು ಹೇಳಿದರೆ ಅದು ಸುಳ್ಳಾಗುತ್ತದೆ.

ನಾಲ್ಕನೆಯದು ನನಗೆ ನಿಜವಾಗಿ ಭಯ ಹುಟ್ಟಿಸುವುದು. ಗಾಡಿ ಮಗುಚುವ ಲೆಕ್ಕ. ಎಡಗಾಲಿ ಬಲಗಾಲಿ ನಡುವಿನ ಅಂತರದ ಅರ್ಧ ಎಷ್ಟು, ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಇವೆರಡರ ಜಗಳ ಇದು. ಜಿಪ್ಸಿಯಲ್ಲಿ ಅರ್ಧ ಅಂತರ ಸುಮಾರು 65 ಸೆಂಟಿಮೀಟರ್. ಭಾರದ ಕೇಂದ್ರವೂ 65ರಲ್ಲೇ ಇದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ದೊಡ್ಡ ಟೈರ್ ಇಡೀ ಗಾಡಿಯನ್ನು 3 ಸೆಂಟಿಮೀಟರ್‌ಗಿಂತ ಜಾಸ್ತಿ ಎತ್ತಿತು. ಎರಡು ಇಂಚಿನ ಲಿಫ್ಟ್ ಬಾಡಿ, ಎಂಜಿನ್, ಜನ ಎಲ್ಲವನ್ನೂ ಇನ್ನೂ 5 ಎತ್ತಿತು. ಎರಡೂ ಸೇರಿ ಭಾರದ ಕೇಂದ್ರ 72ರ ಆಸುಪಾಸಿಗೆ ಹೋಯಿತು. ಅಗಲ ಮಾತ್ರ ಇದ್ದಷ್ಟೇ. ಮೇಲೆ ಕ್ಯಾರಿಯರ್ ಕಟ್ಟಿ ಎರಡು ಮೂಟೆ ಹಾಕಿದರೆ ಇನ್ನೂ ಮೇಲೆ. ಎದುರಿಗೆ ದನ ಬಂತು, ಸ್ಟೀರಿಂಗ್ ಎಳೆದಿರಿ. ಆಗ ಗಾಡಿ ರಸ್ತೆ ಕಚ್ಚಿಕೊಳ್ಳುತ್ತದಾ, ಮಗುಚುತ್ತದಾ?

ಇದು ನನ್ನೊಬ್ಬನ ಮಾತಲ್ಲ. ಮಾರುತಿಯವರು 1985ರಲ್ಲಿ ಬಿಟ್ಟ ಮೊದಲ ಜಿಪ್ಸಿ ಕಿರಿದಾಗಿತ್ತು, ಕೋಲುಗಾಲಿನ ಮೇಲೆ ನಿಂತ ಹಾಗೆ ಕಾಣುತ್ತಿತ್ತು. 1993ರಲ್ಲಿ ಅದನ್ನು ತಿದ್ದಿದರು. ಹೇಗೆ ತಿದ್ದಿದರು ಗೊತ್ತಾ? ಗಾಲಿಗಳ ನಡುವಿನ ಅಂತರವನ್ನು 90 ಮಿಲಿಮೀಟರ್ ಅಗಲ ಮಾಡಿದರು. ಮುಂದೆ 1300, ಹಿಂದೆ 1310. ಈಗ ನಿಮ್ಮ ಹತ್ತಿರ ಇರುವುದು ಆ ಅಗಲದ ಗಾಡಿ. ಅವರು ಅಗಲ ಮಾಡಿ ಗಳಿಸಿದ್ದನ್ನು ನಾವು ಎತ್ತರಿಸಿ ಯಾಕೆ ಕಳೆಯಬೇಕು?

"ಆದರೆ ಅಗಲ ಟೈರ್ ಅಂದ್ರೆ ನೆಲಕ್ಕೆ ಜಾಸ್ತಿ ರಬ್ಬರ್ ತಾಗುತ್ತೆ ಅಲ್ವಾ ಸರ್?" ಎನ್ನುತ್ತಾರೆ. ಕೇಳಲು ಸರಿ ಅನಿಸುತ್ತದೆ. ಆದರೆ ನೆಲಕ್ಕೆ ತಾಗುವ ಜಾಗ ಎಷ್ಟು ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಗಾಡಿಯ ತೂಕ ಮತ್ತು ಒಳಗಿನ ಗಾಳಿಯ ಒತ್ತಡ. ಗಾಳಿ ಅಷ್ಟೇ ಇದ್ದರೆ ಜಾಗ ಹೆಚ್ಚುಕಮ್ಮಿ ಅಷ್ಟೇ. ಅದರ ಆಕಾರ ಬದಲಾಗುತ್ತದೆ, ಉದ್ದ ಹೋಗಿ ಅಡ್ಡ ಆಗುತ್ತದೆ. ಮಳೆನೀರು ನಿಂತ ರಸ್ತೆಯಲ್ಲಿ ಇದು ಇನ್ನೂ ಕೆಟ್ಟದ್ದು. ಕಿರಿದಾದ ಟೈರ್ ನೀರನ್ನು ಸೀಳಿಕೊಂಡು ಹೋಗುತ್ತದೆ. ಅಗಲ ಟೈರ್ ಜಾಸ್ತಿ ನೀರನ್ನು ಪಕ್ಕಕ್ಕೆ ತಳ್ಳಬೇಕು. ಜಿಪ್ಸಿಯ ತೂಕ ಒಂದು ಟನ್‌ನ ಆಸುಪಾಸು. ಅಷ್ಟು ಹಗುರದ ಗಾಡಿ ಬೇಗ ನೀರಿನ ಮೇಲೆ ತೇಲುತ್ತದೆ. ಕೆಸರಿಗೆ ಅಂತ ಮಾಡಿದ, ದಪ್ಪ ರಬ್ಬರ್ ತುಂಡುಗಳು ಎದ್ದು ಕಾಣುವ ಟೈರ್ ಆದರಂತೂ ಆ ತುಂಡುಗಳ ನಡುವೆ ಬರೀ ಖಾಲಿ ಜಾಗ. ಒದ್ದೆ ಟಾರಿನ ಮೇಲೆ ಹಿಡಿಯಲು ಅದಕ್ಕೆ ರಬ್ಬರೇ ಸಾಲುವುದಿಲ್ಲ.

ರಿಮ್ ಹೊರಗೆ ಚಾಚಿಸಿದರೆ ಅಗಲ ಸಿಗುತ್ತದಲ್ಲಾ ಎಂದು ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಸಿಗುತ್ತದೆ. ಆದರೆ ಆ ಎಳೆತ ಹೋಗಿ ಬೀಳುವುದು ಗಾಲಿಯ ಬೇರಿಂಗ್ ಮತ್ತು ಕಿಂಗ್ ಪಿನ್ ಮೇಲೆ, ಅಂದರೆ ಮುಂದಿನ ಗಾಲಿ ಎಡಕ್ಕೆ ಬಲಕ್ಕೆ ತಿರುಗುವ ಗೂಟದ ಮೇಲೆ. ಸ್ಟೀರಿಂಗ್ ಭಾರವಾಗುತ್ತದೆ. ಗುಂಡಿಗೆ ಬಿದ್ದಾಗ ಕೈಗೆ ಒದೆಯುತ್ತದೆ.

ನಾನೂ ಒಂದು ಕಾಲದಲ್ಲಿ 235 ಹಾಕಿಸಿದ್ದೆ. ಟೈರ್ ಅಂಗಡಿಯವರು ಹೇಳಿದ್ದನ್ನು ನಂಬಿದ್ದೆ. ಜೂನ್ ಕೊನೆ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುತ್ತಿದ್ದೆವು. ತಿರುವಿನಲ್ಲಿ ಮುಂದಿನ ಬಸ್ಸು ನಿಂತಿತು. ಬ್ರೇಕ್ ಒತ್ತಿದೆ. ಗಾಡಿ ನಿಲ್ಲಬೇಕಾದ ಜಾಗ ದಾಟಿ ಹೋಯಿತು. ಬಸ್ಸಿನ ಹಿಂದಿನ ಬಂಪರ್‌ಗೂ ನಮಗೂ ಒಂದು ಮೊಳ ಉಳಿದಿತ್ತು. ಹಿಂದೆ ಅಡ್ಡ ಸೀಟಿನಲ್ಲಿದ್ದ ಮಗಳು ಜಾರಿ ಬಂದು ಮುಂದಿನ ಸೀಟಿನ ಬೆನ್ನಿಗೆ ಹಣೆ ಹೊಡೆದುಕೊಂಡಳು. ಮರುವಾರ ಹಳೆಯ ಅಳತೆಗೆ ಬಂದೆ. ಇವತ್ತಿಗೂ ಅದೇ ಅಳತೆ.

ಹಾಗಾದರೆ ಮಳೆಗೆ ಹಿಡಿತ ಕೊಡುವುದು ಏನು? ಹೊಸ ರಬ್ಬರ್. ಹಳೇ ಜಿಪ್ಸಿಗಳು ಓಡುವುದೇ ಕಡಿಮೆ, ಹಾಗಾಗಿ ಟೈರಿನ ಗೀರು ಚೆನ್ನಾಗಿಯೇ ಕಾಣುತ್ತದೆ. ಮಾರುವವರು ಅದನ್ನೇ ತೋರಿಸುತ್ತಾರೆ. ನೀವು ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಹುಡುಕಿ. 2314 ಎಂದಿದ್ದರೆ 2014ರ 23ನೇ ವಾರದಲ್ಲಿ ಮಾಡಿದ್ದು. ಉಗುರು ಒತ್ತಿ ನೋಡಿ, ಕಲ್ಲಿನ ಹಾಗೆ ಇರುತ್ತದೆ. ಅಂಥದ್ದನ್ನು ಮುಲಾಜಿಲ್ಲದೆ ತೆಗೆಸಿ. ಗಾಳಿ ಗಾಡಿಯ ಪುಸ್ತಕದಲ್ಲಿ ಇರುವಷ್ಟೇ ಹಾಕಿಸಿ. ಬಂಕ್‌ನಲ್ಲಿ ಸುಮ್ನೆ ಬಿಟ್ಟರೆ ಎಲ್ಲಾ ಕಾರಿಗೂ ಹಾಕುವಷ್ಟೇ ಹಾಕುತ್ತಾರೆ, ಆಮೇಲೆ ಗಾಡಿ ಕುಣಿಯುತ್ತದೆ.

ಉಳಿದ ಕೆಲಸ ಬೇಗ ಹೇಳುತ್ತೇನೆ. ಪೆಡಲ್ ಪಂಪ್ ಮಾಡಿದರೆ ಮಾತ್ರ ಬ್ರೇಕ್ ಹಿಡಿಯುತ್ತದೆ ಎಂದರೆ ಬ್ರೇಕ್ ಕೆಟ್ಟಿದೆ ಎಂದೇ ಅರ್ಥ. ಮಾಸ್ಟರ್ ಸಿಲಿಂಡರ್, ಹಿಂದಿನ ವೀಲ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲಾ ನೋಡಿಸಿ, ಆಯಿಲ್ ಪೂರ್ತಿ ಬದಲಿಸಿ. 50ರಲ್ಲಿ ಸ್ಟೀರಿಂಗ್ ನಡುಗುತ್ತಿದ್ದರೆ ವೀಲ್ ಬ್ಯಾಲೆನ್ಸಿಂಗ್‌ಗೆ ನಿಲ್ಲಬೇಡಿ, ಕಿಂಗ್ ಪಿನ್ ಬೇರಿಂಗ್ ಬಿಚ್ಚಿಸಿ. ಕುಲುಕಾಟ ಕಡಿಮೆಯಾಗಲಿ ಎಂದು ಲೀಫ್ ಸ್ಪ್ರಿಂಗ್‌ನ ಒಂದು ಪಟ್ಟಿ ತೆಗೆಸುವವರು ಇದ್ದಾರೆ, ಅದು ತಪ್ಪು. ಪಟ್ಟಿಗಳ ನಡುವಿನ ತುಕ್ಕು ತೆಗೆಸಿ, ಬುಶ್ ಹೊಸದು ಹಾಕಿಸಿ, ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿ. ಅಮ್ಮನ ಸೊಂಟಕ್ಕೆ ಅಷ್ಟು ಸಾಕು. ಬಣ್ಣ ಹೊಡೆಸುವ ಮೊದಲು ಕಾಲಡಿಯ ಮ್ಯಾಟ್ ಎತ್ತಿ ಸ್ಕ್ರೂ ಡ್ರೈವರ್‌ನಿಂದ ಕುಟ್ಟಿ ನೋಡಿ. ಮಲೆನಾಡಿನ ಗಾಡಿ ಆದರೆ ತಳದ ತಗಡು ತುಕ್ಕು ತಿಂದಿರುತ್ತದೆ. ಮೊದಲು ಅದರ ಟಿಂಕರಿಂಗ್, ಆಮೇಲೆ ಬಣ್ಣ. ಮೇಲಿನ ಬಟ್ಟೆಯ ಹುಡ್ ಒದ್ದೆ ಇರುವಾಗ ಸುತ್ತಿಡಬೇಡಿ, ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ.

ಸೀಟಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಎದುರು ಬದುರಿನ ಅಡ್ಡ ಸೀಟು ಚಿಕ್ಕ ದೂರಕ್ಕೆ, ನಿಧಾನದ ತೋಟದ ದಾರಿಗೆ ಸರಿ. ಮಕ್ಕಳನ್ನು ದಿನಾ ಕೂರಿಸುವ ಜಾಗ ಅದಲ್ಲ. ಬ್ರೇಕ್ ಹಾಕಿದಾಗ ಬೆನ್ನಿಗೆ ಆಧಾರವಿಲ್ಲ, ಮಗು ಪಕ್ಕಕ್ಕೆ ಜಾರುತ್ತದೆ. ಹುಡ್‌ನ ಕಂಬಿ ಇದೆಯಲ್ಲ ಎನ್ನಬೇಡಿ. ಅದು ಬಟ್ಟೆ ಹಿಡಿಯಲು ಇರುವ ಕಂಬಿ, ಗಾಡಿ ಮಗುಚಿದರೆ ಅದು ಯಾರನ್ನೂ ಕಾಯುವುದಿಲ್ಲ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು ಎಂದು ಕಾನೂನೇ ಹೇಳುತ್ತದೆ. ಮುಂದಕ್ಕೆ ಮುಖ ಮಾಡಿದ ಸೀಟು, ಮೂರು ಕಡೆ ಹಿಡಿಯುವ ಬೆಲ್ಟ್ ಹಾಕಿಸಿ. ಬೋಲ್ಟನ್ನು ಬರೀ ತಳದ ತಗಡಿಗೆ ಬಿಗಿಸಿದರೆ ಎಳೆತಕ್ಕೆ ಕಿತ್ತು ಬರುತ್ತದೆ, ಕೆಳಗೆ ದಪ್ಪ ಪ್ಲೇಟ್ ಕೊಡಿಸಬೇಕು. ಸೀಟಿನ ಸಂಖ್ಯೆ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು, ಹಾಗಾಗಿ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಕೆಲಸ. 2006ರ ಗಾಡಿಗೆ 15 ವರ್ಷ ಆಗಿಹೋಗಿದೆ, ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಇದ್ದೇ ಇದೆ. ಒಪ್ಪಿಗೆಯಿಲ್ಲದ ಬದಲಾವಣೆ ಕಂಡರೆ 2019ರ ತಿದ್ದುಪಡಿಯ ಪ್ರಕಾರ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಮಳೆ ಶುರುವಾದ ದಿನವೇ ನೀವು ಇದನ್ನು ಮಾಡುತ್ತೀರಿ. ಹಿಡಿತ ಜಾಸ್ತಿ ಸಿಗಲಿ ಎಂದು ಟಾರ್ ರಸ್ತೆಯಲ್ಲಿ ಫೋರ್ ವೀಲ್, ಅಂದರೆ ನಾಲ್ಕೂ ಗಾಲಿಗೆ ಎಂಜಿನ್ ಬಲ ಕೊಡುವ ಲಿವರ್, ಹಾಕುತ್ತೀರಿ. ಹಾಕಬೇಡಿ. ಜಿಪ್ಸಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್, ಅಂದರೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್, ಇಲ್ಲ. ಲಿವರ್ ಎಳೆದ ಕೂಡಲೇ ಎರಡೂ ಒಂದೇ ವೇಗಕ್ಕೆ ಕಟ್ಟಿಹೋಗುತ್ತವೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಕೆಸರಿನಲ್ಲಿ ಗಾಲಿ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ಟಾರಿನಲ್ಲಿ ಜಾರಲು ಜಾಗವಿಲ್ಲ, ಎಳೆತವೆಲ್ಲಾ ಗೇರ್ ಮತ್ತು ಶಾಫ್ಟ್ ಒಳಗೆ ಸುತ್ತಿಕೊಳ್ಳುತ್ತದೆ. ಸ್ಟೀರಿಂಗ್ ತಿರುಗಲು ಒಪ್ಪುವುದಿಲ್ಲ, ಗಾಡಿ ನೇರ ಹೋಗಲು ನೋಡುತ್ತದೆ. ಮತ್ತೆ, ಫೋರ್ ವೀಲ್ ಇರುವುದು ಎಳೆಯಲು. ನಿಲ್ಲಿಸಲು ಎಲ್ಲಾ ಗಾಡಿಗೂ ಮೊದಲೇ ನಾಲ್ಕು ಗಾಲಿಯಲ್ಲಿ ಬ್ರೇಕ್ ಇದೆ.

ತೋಟದ ಕೆಸರು ದಾರಿಯಲ್ಲಿ ತಿಂಗಳಿಗೊಮ್ಮೆ ಹಾಕಿ ಸ್ವಲ್ಪ ದೂರ ಓಡಿಸಿ, ಒಳಗಿನ ಆಯಿಲ್ ಎಲ್ಲಾ ಕಡೆ ಓಡಾಡುತ್ತದೆ. ಟಾರಿಗೆ ಬರುವ ಮೊದಲು ತೆಗೆಯಿರಿ. ಮರೆತು ಬಂದು ಲಿವರ್ ಸಿಕ್ಕಿಕೊಂಡರೆ ಜೋರು ಮಾಡಿ ಎಳೆಯಬೇಡಿ. ಹಿಂದೆ ಯಾರೂ ಇಲ್ಲ ಎಂದು ನೋಡಿಕೊಂಡು, ಸ್ಟೀರಿಂಗ್ ನೇರ ಹಿಡಿದು, ನಾಲ್ಕೈದು ಮಾರು ರಿವರ್ಸ್ ಹೋಗಿ. ಸುತ್ತಿಕೊಂಡ ಎಳೆತ ಬಿಡುತ್ತದೆ, ಲಿವರ್ ತಾನೇ ಸಡಿಲವಾಗಿ ಕೈಗೆ ಬರುತ್ತದೆ.