ಬ್ರೌಸರ್‌ನಲ್ಲಿ ತೆರೆಯುವ ಚಿತ್ರಕ್ಕೆ ಆಪ್ಟಿಮೈಸ್ ಮಾಡುವಾಗ 403 ಯಾಕೆ?

ಪ್ರಶ್ನೆ: ನನ್ನ ವೆಬ್‌ಸೈಟಿನ ಚಿತ್ರಗಳ ಗಾತ್ರ ಇಳಿಸಲು ಒಂದು ಆನ್‌ಲೈನ್ ಸೇವೆ ಬಳಸುತ್ತಿದ್ದೇನೆ. ಅರ್ಧ ಚಿತ್ರಗಳು ಮುಗಿದಿವೆ, ಉಳಿದವಕ್ಕೆ 403 (ಪ್ರವೇಶವಿಲ್ಲ ಎಂಬ ಎರರ್) ಬರುತ್ತಿದೆ. ಬ್ರೌಸರ್‌ನಲ್ಲಿ ಮಾತ್ರ ಎಲ್ಲವೂ ತೆರೆಯುತ್ತವೆ. ಸೇವೆಯವರು ‘ನಮ್ಮ ಐಪಿಗಳನ್ನು (ಇಂಟರ್ನೆಟ್ ವಿಳಾಸಗಳನ್ನು) ವೈಟ್‌ಲಿಸ್ಟ್ ಮಾಡಿ’, ಅಂದರೆ ತಡೆಯದೆ ಬಿಡುವ ಪಟ್ಟಿಗೆ ಸೇರಿಸಿ ಅಂತಾರೆ. ಹಾಗೆ ಮಾಡಿದರೆ ಅಪಾಯ ಇಲ್ವಾ?

ಉತ್ತರ: ಚಿತ್ರಗಳು ಸರಿಯಾಗೇ ಇವೆ. ತಡೆಯುತ್ತಿರುವುದು ಬಹುಶಃ ನಿಮ್ಮದೇ ಫೈರ್‌ವಾಲ್, ಅಂದರೆ ಸೈಟಿಗೆ ಬರುವವರನ್ನು ತಪಾಸಣೆ ಮಾಡುವ ಕಾವಲು.

ಇಂಥ ಹಲವು ಸೇವೆಗಳು ಚಿತ್ರದ ಲಿಂಕ್ ಹಿಡಿದು ನಿಮ್ಮ ಸೈಟಿಗೆ ಬಂದು, ಡೌನ್‌ಲೋಡ್ ಮಾಡಿಕೊಂಡು, ತಮ್ಮ ಸರ್ವರ್‌ನಲ್ಲಿ ಕುಗ್ಗಿಸುತ್ತವೆ. ಫೈರ್‌ವಾಲ್‌ಗೆ ಕಾಣುವುದೇ ಬೇರೆ. ಯಾವುದೋ ಡೇಟಾ ಸೆಂಟರ್‌ನ ಒಂದೇ ವಿಳಾಸದಿಂದ ಒಂದರ ಹಿಂದೊಂದು ರಿಕ್ವೆಸ್ಟ್, ಅದೂ ಬರೀ ಚಿತ್ರಗಳಿಗೆ. ಚಿತ್ರ ಕದಿಯುವ ಬಾಟ್ ಕೂಡ ಹೀಗೇ ಬರುತ್ತದೆ, ಅಲ್ವಾ? ಹಾಗಾಗಿ ಫೈರ್‌ವಾಲ್ ಮೊದಲು ಒಂದಷ್ಟು ಬಿಟ್ಟು, ಆಮೇಲೆ ಬಾಗಿಲು ಹಾಕುತ್ತದೆ. ಅರ್ಧಕ್ಕೆ ನಿಲ್ಲುವುದು ಅದಕ್ಕೇ.

ಐಪಿ ಸೇರಿಸುವ ಮೊದಲು ಸರ್ವರ್‌ನ ಆಕ್ಸೆಸ್ ಲಾಗ್ (ಬಂದ ಪ್ರತಿ ರಿಕ್ವೆಸ್ಟ್‌ನ ದಾಖಲೆ) ತೆರೆಯಿರಿ. ನಿಂತುಹೋದ ಒಂದು ಚಿತ್ರದ ಹೆಸರು ಹುಡುಕಿ. ಸಾಲಿನ ಮೊದಲಿಗೆ 203.0.113.24 ಥರದ ವಿಳಾಸ, ಅದೇ ಸಾಲಲ್ಲಿ ಮುಂದೆ 403 ಇದ್ದು, ಆ ವಿಳಾಸ ಸೇವೆಯವರು ಕೊಟ್ಟ ಪಟ್ಟಿಯಲ್ಲೂ ಇದ್ದರೆ ತಡೆ ಸರ್ವರ್‌ನಲ್ಲೇ ಇದೆ. ಅಂಥ ಸಾಲೇ ಇಲ್ಲವಾ? ಹಾಗಾದರೆ ಬಹುಶಃ ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್ (ನಿಮ್ಮ ಸರ್ವರ್‌ನ ಮುಂದೆ ನಿಂತು ಪುಟ, ಚಿತ್ರಗಳನ್ನು ಹಂಚುವ ಜಾಲ) ಮುಂದೆಯೇ ತಡೆದಿದೆ. ಹಾಗಿದ್ದರೆ ಅನುಮತಿ ಅಲ್ಲೇ ಕೊಡಬೇಕು, ಸೈಟಿನ ಸೆಕ್ಯುರಿಟಿ ಪ್ಲಗಿನ್‌ನಲ್ಲಿ ಸೇರಿಸಿ ಪ್ರಯೋಜನವಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ.

ಇನ್ನೊಂದು ಸಾಧ್ಯತೆಯಿದೆ. ಲಾಗ್‌ನ ಎಲ್ಲ ಸಾಲಲ್ಲೂ ಸಿಡಿಎನ್‌ನದೇ ವಿಳಾಸ ಇದ್ದರೆ, ಬಂದವರು ಯಾರೆಂದು ನಿಮ್ಮ ಸರ್ವರ್‌ಗೆ ಗೊತ್ತೇ ಆಗುತ್ತಿಲ್ಲ. ಸುಮ್ನೆ ಸಿಡಿಎನ್ ವಿಳಾಸವನ್ನೇ ವೈಟ್‌ಲಿಸ್ಟ್ ಮಾಡಬೇಡಿ. ಅದರ ಮೂಲಕ ಬರುವ ಎಲ್ಲರೂ ತಪಾಸಣೆಯಿಲ್ಲದೆ ಒಳಗೆ ಬರುತ್ತಾರೆ. ಮೊದಲು ನಿಜವಾದ ಐಪಿ ಕಾಣುವ ಹಾಗೆ ಹೋಸ್ಟಿಂಗ್‌ನವರಿಂದ ಸರಿ ಮಾಡಿಸಿ.

ಈಗ ಅಪಾಯದ ಮಾತು. ಅಪಾಯ ಇರುವುದು ಎಷ್ಟು ಅಗಲ ಬಾಗಿಲು ತೆರೆದಿರಿ ಎಂಬುದರಲ್ಲಿ. ಪಟ್ಟಿಯಲ್ಲಿ ಐಪಿಯ ಕೊನೆಗೆ /32 ಅಂದರೆ ಒಂದೇ ವಿಳಾಸ, /24 ಅಂದರೆ 256, /16 ಅಂದರೆ 65,536. ಯಾವುದಾದರೂ ಕ್ಲೌಡ್ ಕಂಪನಿಯ ಇಡೀ ರೇಂಜ್ ಸೇರಿಸಿ ಎಂದರೆ ನಾನಂತೂ ಒಪ್ಪುವುದಿಲ್ಲ. ಅಲ್ಲಿ ಸರ್ವರ್ ಬಾಡಿಗೆಗೆ ಪಡೆದ ಯಾರು ಬೇಕಾದರೂ ನುಗ್ಗಬಹುದು. ಯೂಸರ್ ಏಜೆಂಟ್, ಅಂದರೆ ರಿಕ್ವೆಸ್ಟ್ ಜೊತೆ ಬರುವ ಪ್ರೋಗ್ರಾಂ ಹೆಸರು, ನೋಡಿ ಬಿಡುವುದೂ ಬೇಡ. ಆ ಹೆಸರನ್ನು ಯಾರು ಬೇಕಾದರೂ ಬರೆದುಕೊಂಡು ಬರಬಹುದು. ಐಪಿ ಹಾಗಲ್ಲ. ಸುಳ್ಳು ವಿಳಾಸ ಹಾಕಿಕೊಂಡರೆ ಉತ್ತರ ಆ ವಿಳಾಸದ ಅಸಲಿ ಮಾಲೀಕರಿಗೆ ಹೋಗುತ್ತದೆ, ಸಂಪರ್ಕವೇ ಕೂಡಿಬರುವುದಿಲ್ಲ.

ಪಟ್ಟಿಯನ್ನು ಸೇವೆಯವರ ಸ್ವಂತ ಸಹಾಯ ಪುಟದಿಂದಲೇ ತೆಗೆದುಕೊಳ್ಳಿ, ಹಳೇ ಲೇಖನಗಳಿಂದ ಬೇಡ. ಐಪಿಗಳು ಬದಲಾಗುತ್ತವೆ. ನಿಮ್ಮ ಫೈರ್‌ವಾಲ್‌ನಲ್ಲಿ ಆಗುವುದಾದರೆ ಅನುಮತಿಯನ್ನು ಚಿತ್ರಗಳ ಫೋಲ್ಡರ್‌ಗಷ್ಟೇ ಕೊಡಿ, ಲಾಗಿನ್ ಪುಟದ ಹತ್ತಿರ ಅವರಿಗೇನು ಕೆಲಸ?

ಸೇರಿಸಿದ ಮೇಲೆ ಒಂದೇ ಒಂದು ಚಿತ್ರ ಕಳಿಸಿ ನೋಡಿ. ಲಾಗ್‌ನಲ್ಲಿ 403 ಇದ್ದ ಜಾಗದಲ್ಲಿ 200 (ಎಲ್ಲ ಸರಿ ಎಂಬ ಸಂಕೇತ) ಬಂದರೆ ಉಳಿದವನ್ನೂ ಬಿಡಿ. ಮುಂದೆ ಆ ಸೇವೆ ನಿಲ್ಲಿಸಿದ ದಿನವೇ ಆ ಐಪಿಗಳನ್ನೂ ತೆಗೆದುಬಿಡಿ.