ಮಿದುಳು ಹೇಳಿದ 'ಡ'

ಮಗುವಿಗೆ ಕಿವಿ ಕೇಳಿಸುತ್ತೋ ಇಲ್ಲವೋ ಎಂದು ಅನುಮಾನ ಬಂದರೆ 'ಬೆರಾ ಟೆಸ್ಟ್ ಮಾಡಿಸಿ' ಎನ್ನುತ್ತಾರೆ. ಮಗುವನ್ನು ಮಲಗಿಸಿ, ತಲೆಗೆ ವೈರ್ ಅಂಟಿಸಿ, ಕಿವಿಯಲ್ಲಿ ಟಿಕ್ ಟಿಕ್ ಸದ್ದು ಮಾಡುತ್ತಾರೆ. ಸದ್ದು ಕಿವಿಯ ನರ ಹಿಡಿದು ಮಿದುಳಿನ ಕಾಂಡ (ಮಿದುಳಿನ ಬುಡದ ಭಾಗ) ಹತ್ತುವಾಗ, 10 ಮಿಲಿಸೆಕೆಂಡಿನೊಳಗೆ ಪುಟ್ಟ ಪುಟ್ಟ ಅಲೆಗಳು ಏಳುತ್ತವೆ. ಅವು ಕಂಡರೆ ದಾರಿ ಸರಿಯಿದೆ ಎಂದರ್ಥ.

ಆದರೆ ನಾವು ದಿನವಿಡೀ ಕೇಳುವುದು ಟಿಕ್ ಅಲ್ಲ, ಮಾತು ಅಲ್ವಾ? ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೀನಾ ಕ್ರೌಸ್ ಮತ್ತು ಜೊತೆಗಾರರು ಟಿಕ್ ಬದಲು ಒಂದು 'ಡ' ಕೇಳಿಸಿದರು. ಕಂಪ್ಯೂಟರಿನಲ್ಲಿ ತಯಾರಿಸಿದ, ಬರೀ 40 ಮಿಲಿಸೆಕೆಂಡಿನ 'ಡ'. (ಇಂಗ್ಲಿಷಿನ ಈ 'ಡ' ನಮ್ಮ 'ದ'ವೂ ಅಲ್ಲ, 'ಡ'ವೂ ಅಲ್ಲ, ಎರಡರ ನಡುವಿನದು.) ನಮ್ಮ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಇಂಥ ಅಧ್ಯಯನಗಳು ನಡೆದಿವೆ.

ನೆತ್ತಿಗೊಂದು, ಹಣೆಗೊಂದು, ಕಿವಿಹಾಲೆಗೊಂದು ಎಲೆಕ್ಟ್ರೋಡ್. ಕೂತವರು ಸದ್ದಿಲ್ಲದ ಸಿನಿಮಾ ನೋಡುತ್ತಿರಬಹುದು, ನಿದ್ದೆಯನ್ನೂ ಮಾಡಬಹುದು. ಸಿಗುವ ವಿದ್ಯುತ್ತು ಒಂದು ಮೈಕ್ರೋವೋಲ್ಟಿಗಿಂತ ಕಡಿಮೆ. ಹಲ್ಲು ಕಚ್ಚಿದರೂ ಸಾಕು, ಸ್ನಾಯುಗಳ ವಿದ್ಯುತ್ತಿನಲ್ಲಿ ಅದು ಮುಳುಗಿಹೋಗುತ್ತದೆ. ಅದಕ್ಕೇ ಒಂದೇ 'ಡ'ವನ್ನು ಸಾವಿರಾರು ಸಲ ಕೇಳಿಸಿ ಸರಾಸರಿ ತೆಗೆಯುತ್ತಾರೆ. ಗದ್ದಲ ಸಲಕ್ಕೊಂದು ಥರ, ಹಾಗಾಗಿ ಕಳೆದುಹೋಗುತ್ತದೆ. ಮಿದುಳಿನ ಉತ್ತರ ಪ್ರತಿ ಸಲವೂ ಅದೇ ಹೊತ್ತಿಗೆ ಬರುವುದರಿಂದ ಉಳಿಯುತ್ತದೆ.

ಉಳಿದ ಗೆರೆಯನ್ನು ನೋಡಿದರೆ ಮೊದಲು ಅಕ್ಷರ ಶುರುವಾದದ್ದಕ್ಕೆ ಒಂದು ಏರಿಳಿತ. ಆಮೇಲೆ ಸುಮಾರು 8-9 ಮಿಲಿಸೆಕೆಂಡಿಗೊಂದರಂತೆ ಸಾಲು ತಗ್ಗುಗಳು. ಈ ಅಂತರ ಎಲ್ಲಿಂದ ಬಂತು? ಆ 'ಡ'ದ ದನಿ ಸೆಕೆಂಡಿಗೆ ನೂರಕ್ಕೂ ಸ್ವಲ್ಪ ಜಾಸ್ತಿ ಸಲ ಕಂಪಿಸುತ್ತದೆ. ನರಗಳು ಅದೇ ತಾಳಕ್ಕೆ ಮಿಡಿದಿವೆ.

ಉತ್ತರ ಸದ್ದಿನ ಥರವೇ ಇರುವುದೇ ಇಲ್ಲಿನ ಸೊಗಸು, ತಲೆನೋವೂ ಅದೇ. ಇಯರ್‌ಫೋನಿನ ಕರೆಂಟು ನೇರವಾಗಿ ಎಲೆಕ್ಟ್ರೋಡಿಗೆ ನುಸುಳಿದರೂ ಹೀಗೇ ಕಾಣುತ್ತದೆ! ಅದಕ್ಕೇ ಸದ್ದು ಮಾಡುವ ಪೆಟ್ಟಿಗೆಯನ್ನು ದೂರವಿಟ್ಟು, ಉದ್ದ ಕೊಳವೆಯಲ್ಲಿ ಸದ್ದನ್ನು ಕಿವಿಗೆ ತರುತ್ತಾರೆ. ಅರ್ಧ ಸಲ ಸದ್ದಿನ ಅಲೆಯನ್ನು ತಲೆಕೆಳಗು ಮಾಡಿ ಕೇಳಿಸುತ್ತಾರೆ. ಎರಡನ್ನೂ ಕೂಡಿಸಿದಾಗ ನುಸುಳಿದ ಕರೆಂಟು ಸೊನ್ನೆಯಾಗುತ್ತದೆ, ದನಿಯ ತಾಳಕ್ಕೆ ಮಿಡಿದ ಉತ್ತರ ಉಳಿಯುತ್ತದೆ. ಆದರೂ ಅನುಮಾನವಿದ್ದರೆ ಕೊಳವೆಯನ್ನು ಮುಚ್ಚಿ ನೋಡುವುದು. ಕಿವಿಗೆ ಏನೂ ಕೇಳದಿದ್ದರೂ ಅಲೆ ಬಂದರೆ ಅದು ಮಿದುಳಿನದಲ್ಲ. ನನಗಂತೂ ದುಬಾರಿ ಯಂತ್ರಗಳಿಗಿಂತ ಈ ಉಪಾಯವೇ ಹೆಚ್ಚು ಇಷ್ಟ.

ಇದಕ್ಕೂ ಮುಂಚೆಯೇ, 1995ರಲ್ಲಿ, ಅಮೆರಿಕದ ಸಂಶೋಧಕ ಗ್ಯಾರಿ ಗಾಲ್‌ಬ್ರೈತ್ ತಂಡ ಇನ್ನೊಂದು ಹೆಜ್ಜೆ ಹೋಗಿತ್ತು. ಪದಗಳನ್ನು ಕೇಳಿಸಿ, ತಲೆಯಿಂದ ಸಿಕ್ಕ ಅಲೆಯನ್ನೇ ಮತ್ತೆ ಸದ್ದಾಗಿಸಿತು. ಕೇಳಿದವರಿಗೆ ಪದಗಳು ಅರ್ಥವಾದವು.

ಇದೆಲ್ಲ ಮಿದುಳಿನ ಕಾಂಡದ್ದೇ ಕೆಲಸ ಎಂದು ಬಹಳ ಕಾಲ ನಂಬಿದ್ದೆವು. 2016ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ತಲೆಯ ಸುತ್ತಲ ಕಾಂತೀಯ ಅಲೆಗಳನ್ನು ಅಳೆದರು. ನೂರು ಹರ್ಟ್ಜ್ ಆಸುಪಾಸಿನ ಸದ್ದಿಗೆ ಮಿದುಳಿನ ಮೇಲ್ಪದರವೂ ತಾಳ ಹಾಕುತ್ತಿತ್ತು. ಅದಕ್ಕೇ ಈಗ ಹಲವರು 'ಕಾಂಡದ ಉತ್ತರ' ಎನ್ನದೆ ಸುಮ್ನೆ 'ಎಫ್‌ಎಫ್‌ಆರ್' (ಫ್ರೀಕ್ವೆನ್ಸಿ ಫಾಲೋಯಿಂಗ್ ರೆಸ್ಪಾನ್ಸ್) ಎನ್ನುತ್ತಾರೆ. ಸದ್ದಿನ ಕಂಪನವನ್ನು ಹಿಂಬಾಲಿಸುವ ಉತ್ತರ, ಅಷ್ಟೇ. ಎಲ್ಲಿಂದ ಬಂತು ಎಂಬುದು ಆ ಹೆಸರಿನಲ್ಲಿಲ್ಲ.